ಮೊಬೈಲ್ ಕೀಲಿಮಣೆ ಮತ್ತು ಬಿಲ್ಲಿನ ನಮೂದು

ಆಂಡ್ರಾಯ್ಡ್ ಫೋನಿನ ಬ್ರೌಸರಿನಲ್ಲಿ ಟೈಪು ಮಾಡುವಾಗ ಪದದ ಕೆಳಗೆ ಗೆರೆ ಕಾಣಿಸುವುದುಂಟು. ಅದು ಇನ್ನೂ ರಚನೆಯ ಹಂತದಲ್ಲಿರುವ ಪಠ್ಯ. ನಮ್ಮ ಪರಿಭಾಷೆಯಲ್ಲಿ, ಲೆಡ್ಜರಿಗೆ ಏರದ ಕಚ್ಚಾ ಚೀಟಿ. ಆಗ ಕ್ರೋಮ್ ಬ್ರೌಸರು ಬಹುತೇಕ ಕೀಲಿಗಳಿಗೆ 229 ಎಂಬ ಒಂದೇ ಸಂಕೇತವನ್ನು ಕೊಡುವುದರಿಂದ, ಒತ್ತಿದ ಅಕ್ಷರ ಯಾವುದೆಂದು ಅದರಿಂದ ತಿಳಿಯದು. ಬಿಲ್ಲಿಂಗ್ ತಂತ್ರಾಂಶವು ಈ ನಡುವೆಯೇ ಪಠ್ಯವನ್ನು ತಿದ್ದಹೊರಟರೆ ಅಕ್ಷರಗಳು ಇಮ್ಮಡಿಸಬಹುದು, ಇಲ್ಲವೇ ಮಾಯವಾಗಬಹುದು.

ಖರೀದಿದಾರರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಹೀಗೆ ತಪ್ಪಾಗಿ ದಾಖಲಾದರೆ, ಬಿಲ್ಲು ಅವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣದೆ ಇನ್‌ಪುಟ್ ತೆರಿಗೆ ಜಮೆಗೆ ತಡೆಯುಂಟಾಗುತ್ತದೆ. ಗಿರಾಕಿಯ ಅಸಮಾಧಾನ ಬೇರೆ!

ಆದುದರಿಂದ ವರ್ತಕ ಬಾಂಧವರು ತಂತ್ರಾಂಶ ರಚಿಸುವವರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು: ‘ಕಾಂಪೊಸಿಷನ್ ಎಂಡ್’ ಸೂಚನೆ ಬರುವವರೆಗೆ ಪಠ್ಯವನ್ನು ಮುಟ್ಟಕೂಡದು, ಸಂಖ್ಯೆಯ ಕೊನೆಯಲ್ಲಿರುವ ತಾಳೆ ಅಕ್ಷರವನ್ನು ನಮೂದು ಮುಗಿದ ಮೇಲೆಯೇ ಪರೀಕ್ಷಿಸಬೇಕು. ಕನ್ನಡದ ಹೆಸರುಗಳಿಗಂತೂ ಅಕ್ಷರಮಿತಿ ಉದಾರವಾಗಿರಲಿ. ‘ಕ್ಷ’ ಒಂದೇ ಅಕ್ಷರವೆಂದು ಕಂಡರೂ ಗಣಕದ ಎಣಿಕೆಯಲ್ಲಿ ಅದು 3.