ಸಂಪುಟದೊಳಗೊಂದು ಸಂಪುಟ: ಕೇಂದ್ರದಲ್ಲಿ ನಿರ್ಧಾರ ಕೈಗೊಳ್ಳುವವರು ಯಾರು?

2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಎರಡು ಮಹತ್ವದ ತೀರ್ಮಾನಗಳನ್ನು ಪ್ರಕಟಿಸಿತು. ಮುಂಬರುವ ಜನಗಣತಿಯಲ್ಲಿ ಜಾತಿ ಗಣತಿಯನ್ನೂ ಸೇರಿಸುವುದು ಒಂದು. 2025-26ನೇ ಸಾಲಿನ ಸಕ್ಕರೆ ಹಂಗಾಮಿಗೆ ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯನ್ನು ಕ್ವಿಂಟಲ್‌ಗೆ 355 ರೂಪಾಯಿ ಎಂದು ನಿಗದಿಪಡಿಸುವುದು ಇನ್ನೊಂದು. ಇಂತಹ ಸುದ್ದಿಗಳೆಲ್ಲ 'ಕೇಂದ್ರ ಸಂಪುಟದ ಒಪ್ಪಿಗೆ' ಎಂಬ ತಲೆಬರಹದಡಿಯಲ್ಲಿಯೇ ಜನರನ್ನು ತಲುಪುವುದು ವಾಡಿಕೆ. ಆದರೆ ಆ ದಿನ ಮೊದಲ ತೀರ್ಮಾನ ಕೈಗೊಂಡದ್ದು ರಾಜಕೀಯ ವ್ಯವಹಾರಗಳ ಸಂಪುಟ ಸಮಿತಿ. ಎರಡನೆಯದು ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿಯದು. ಅದಕ್ಕೆ ಒಂದು ವಾರ ಮೊದಲು, ಪಹಲ್ಗಾಮ್ ದಾಳಿಯ ಮರುದಿನ, ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಡಲು ನಿರ್ಧರಿಸಿದ್ದು ಭದ್ರತಾ ವ್ಯವಹಾರಗಳ ಸಂಪುಟ ಸಮಿತಿ.

ಮೂರೂ ನಿರ್ಧಾರಗಳು ಕೋಟ್ಯಂತರ ಜನರ ಬದುಕಿಗೆ ಸಂಬಂಧಿಸಿದವು. ಮೂರನ್ನೂ ಕೈಗೊಂಡದ್ದು ಇಡೀ ಸಂಪುಟವಲ್ಲ, ಅದರೊಳಗಿನ ಪುಟ್ಟ ಗುಂಪುಗಳು. ಆದರೂ ಅವು ಸರ್ಕಾರದ ಅಂತಿಮ ನಿರ್ಧಾರಗಳೇ ಆಗುತ್ತವೆ.

ಸಂವಿಧಾನದಲ್ಲಿ ಹೆಸರಿಲ್ಲ

ಸಂಪುಟ ಸಮಿತಿಗಳ ಪ್ರಸ್ತಾಪ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಸರ್ಕಾರದ ಕಾರ್ಯಕಲಾಪಗಳನ್ನು ಸುಗಮವಾಗಿ ನಡೆಸಲು ಹಾಗೂ ಸಚಿವರ ನಡುವೆ ಹಂಚಲು ನಿಯಮಗಳನ್ನು ರಚಿಸುವ ಅಧಿಕಾರವನ್ನು 77ನೇ ವಿಧಿಯ 3ನೇ ಖಂಡ ರಾಷ್ಟ್ರಪತಿಗೆ ನೀಡಿದೆ. ಈ ಅಧಿಕಾರದಡಿ 1961ರಲ್ಲಿ ಎರಡು ನಿಯಮಾವಳಿಗಳು ಜಾರಿಗೆ ಬಂದವು. ಯಾವ ವಿಷಯ ಯಾವ ಸಚಿವಾಲಯಕ್ಕೆ ಸೇರಿದ್ದು ಎಂಬುದನ್ನು ಕಾರ್ಯ ಹಂಚಿಕೆ ನಿಯಮಗಳು ಹೇಳುತ್ತವೆ. ಆ ವಿಷಯದ ಬಗ್ಗೆ ಯಾವ ಮಟ್ಟದಲ್ಲಿ ತೀರ್ಮಾನವಾಗಬೇಕು ಎಂಬುದನ್ನು ಕಾರ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಸ್ಥಾಯಿ ಸಮಿತಿಗಳ ಹೆಸರು ಮತ್ತು ಹೊಣೆಗಳು ಇರುವುದು ಈ ಎರಡನೆಯ ನಿಯಮಾವಳಿಯ ಮೊದಲ ಅನುಸೂಚಿಯಲ್ಲಿ.

ಆದರೆ ಪದ್ಧತಿ ಇನ್ನೂ ಹಳೆಯದು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಸಂಪುಟದ ರಕ್ಷಣಾ ಸಮಿತಿ ರಚನೆಯಾಗಿತ್ತು. ಆಡಳಿತ ಯಂತ್ರದ ಪುನಾರಚನೆ ಕುರಿತು 1949ರಲ್ಲಿ ವರದಿ ನೀಡಿದ ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಅವರು ಸ್ಥಾಯಿ ಸಮಿತಿಗಳ ವ್ಯವಸ್ಥೆಗೆ ಶಿಫಾರಸು ಮಾಡಿದ್ದರು.

ಯಾರಿಗೆ ಯಾವ ಹೊಣೆ?

ಸಮಿತಿಗಳ ಸಂಖ್ಯೆಯನ್ನೂ ಸದಸ್ಯರನ್ನೂ ನಿರ್ಧರಿಸುವವರು ಪ್ರಧಾನಿ. 2024ರ ಜುಲೈನಲ್ಲಿ ಹೊಸ ಸರ್ಕಾರ ಪುನಾರಚಿಸಿದ ಸಮಿತಿಗಳು ಎಂಟು. ಈ ಪೈಕಿ ಆರಕ್ಕೆ ಪ್ರಧಾನಿಯೇ ಅಧ್ಯಕ್ಷರು. ಸಂಸದೀಯ ವ್ಯವಹಾರಗಳ ಸಮಿತಿಯನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರಿಗೂ, ವಸತಿ ಸಮಿತಿಯನ್ನು ಗೃಹ ಸಚಿವ ಅಮಿತ್ ಶಾ ಅವರಿಗೂ ವಹಿಸಲಾಯಿತು.

ಭದ್ರತಾ ಸಮಿತಿಯಲ್ಲಿ ಪ್ರಧಾನಿಯ ಜೊತೆಗೆ ರಕ್ಷಣೆ, ಗೃಹ, ಹಣಕಾಸು ಹಾಗೂ ವಿದೇಶಾಂಗ ಸಚಿವರಿರುತ್ತಾರೆ. ಕಾರ್ಗಿಲ್ ಸಮರದ ವೇಳೆ, 1999ರ ಮೇ ತಿಂಗಳಲ್ಲಿ, ಗಡಿ ನಿಯಂತ್ರಣ ರೇಖೆ ದಾಟದಂತೆ ಷರತ್ತು ವಿಧಿಸಿ ವಾಯುಪಡೆಯ ಬಳಕೆಗೆ ಸಮ್ಮತಿಸಿದ್ದು ಈ ಸಮಿತಿ. ದೊಡ್ಡ ಮೊತ್ತದ ಶಸ್ತ್ರಾಸ್ತ್ರ ಖರೀದಿಗೂ ಇದರ ಮುದ್ರೆ ಬೇಕು. ಬೆಂಗಳೂರಿನ ಎಚ್‌ಎಎಲ್‌ನಿಂದ 83 ತೇಜಸ್ ಯುದ್ಧ ವಿಮಾನಗಳ ಖರೀದಿಗೆ 2021ರ ಜನವರಿಯಲ್ಲಿ ಒಪ್ಪಿಗೆ ದೊರೆತದ್ದೂ ಇಲ್ಲಿಯೇ.

ಜನಸಾಮಾನ್ಯರ ಜೇಬಿಗೆ ಹೆಚ್ಚು ಹತ್ತಿರವಾದದ್ದು ಆರ್ಥಿಕ ವ್ಯವಹಾರಗಳ ಸಮಿತಿ. ಬೆಳೆಗಳ ಕನಿಷ್ಠ ಬೆಂಬಲ ಬೆಲೆ, ಕಬ್ಬಿನ ದರ, ಹೆದ್ದಾರಿ ಹಾಗೂ ರೈಲು ಯೋಜನೆಗಳು ಇದರ ಮುಂದೆ ಬರುತ್ತವೆ. 2024ರ ಪಟ್ಟಿಯಲ್ಲಿ ಈ ಸಮಿತಿಗೆ ಸೇರಿದವರಲ್ಲಿ ಕರ್ನಾಟಕದ ಎಚ್.ಡಿ. ಕುಮಾರಸ್ವಾಮಿ ಅವರೂ ಒಬ್ಬರು.

ನೇಮಕಾತಿ ಸಮಿತಿ ಎಲ್ಲಕ್ಕಿಂತ ಚಿಕ್ಕದು. ಪ್ರಧಾನಿ ಮತ್ತು ಗೃಹ ಸಚಿವರಿಬ್ಬರೇ ಅದರ ಸದಸ್ಯರು. ಕೇಂದ್ರದ ಕಾರ್ಯದರ್ಶಿಗಳು, ಸೇನಾ ಮುಖ್ಯಸ್ಥರು ಹಾಗೂ ರಿಸರ್ವ್ ಬ್ಯಾಂಕ್ ಗವರ್ನರ್ ಹುದ್ದೆಗಳ ಕಡತ ಈ ಇಬ್ಬರ ಸಹಿಗೆ ಕಾಯುತ್ತದೆ. ಹಿಂದೆ ಸಂಬಂಧಪಟ್ಟ ಇಲಾಖೆಯ ಸಚಿವರೂ ಇದರ ಸದಸ್ಯರಾಗಿರುತ್ತಿದ್ದರು.

ರಾಜಕೀಯ ವ್ಯವಹಾರಗಳು, ಹೂಡಿಕೆ ಮತ್ತು ಬೆಳವಣಿಗೆ, ಕೌಶಲ ಮತ್ತು ಉದ್ಯೋಗ ಕುರಿತ ಸಮಿತಿಗಳು ಉಳಿದವು. ಕೊನೆಯ ಎರಡು ಅಸ್ತಿತ್ವಕ್ಕೆ ಬಂದದ್ದು 2019ರಲ್ಲಿ.

ಕಡತ ಸಾಗುವ ಹಾದಿ

ಪ್ರಸ್ತಾವ ಹುಟ್ಟುವುದು ಸಚಿವಾಲಯದಲ್ಲಿ. ಹಣದ ವಿಷಯವಾದರೆ ಹಣಕಾಸು ಸಚಿವಾಲಯ, ಶಾಸನದ ವಿಷಯವಾದರೆ ಕಾನೂನು ಸಚಿವಾಲಯದ ಅಭಿಪ್ರಾಯ ಪಡೆಯಬೇಕು. ಬಳಿಕ ಸಿದ್ಧವಾಗುವ ಸಂಪುಟ ಟಿಪ್ಪಣಿಯನ್ನು ಸಂಪುಟ ಸಚಿವಾಲಯವು ಸದಸ್ಯರಿಗೆ ಕಳುಹಿಸುತ್ತದೆ. ಹಣಕಾಸು ಸಚಿವಾಲಯದ 2016ರ ಮಾರ್ಗಸೂಚಿಯಂತೆ, ಸಾವಿರ ಕೋಟಿ ರೂಪಾಯಿ ಮೀರಿದ ಯೋಜನೆಗಳಿಗೆ ಸಂಪುಟದ ಅಥವಾ ಆರ್ಥಿಕ ವ್ಯವಹಾರಗಳ ಸಮಿತಿಯ ಒಪ್ಪಿಗೆ ಕಡ್ಡಾಯ.

ದೊಡ್ಡ ಯೋಜನೆಗಳೆಲ್ಲವೂ ಸಮಿತಿಯಲ್ಲಿಯೇ ಮುಗಿಯುತ್ತವೆ ಎಂದಲ್ಲ. 'ನಮ್ಮ ಮೆಟ್ರೊ' ಮೂರನೇ ಹಂತದ 15,611 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ಪೂರ್ಣ ಸಂಪುಟದಲ್ಲಿ. ಸಮಿತಿಯ ಯಾವುದೇ ತೀರ್ಮಾನವನ್ನು ಮರುಪರಿಶೀಲಿಸುವ ಅಧಿಕಾರವೂ ಸಂಪುಟಕ್ಕೆ ಇದ್ದೇ ಇದೆ.

ರಾಜ್ಯಗಳಲ್ಲಿ ಆಗಾಗ ರಚನೆಯಾಗುವ ಸಂಪುಟ ಉಪಸಮಿತಿಗಳೊಂದಿಗೆ ಇವುಗಳನ್ನು ಹೋಲಿಸುವಾಗ ಎಚ್ಚರ ಅಗತ್ಯ. ಉಪಸಮಿತಿ ಸಾಮಾನ್ಯವಾಗಿ ಒಂದು ವಿಷಯವನ್ನು ಪರಿಶೀಲಿಸಿ ವರದಿ ನೀಡುತ್ತದೆ, ತೀರ್ಮಾನ ಸಂಪುಟದ್ದು. ಕೇಂದ್ರದ ಸ್ಥಾಯಿ ಸಮಿತಿ ತಾನೇ ತೀರ್ಮಾನಿಸುತ್ತದೆ.

ಸ್ಥಾನವೇ ಬಲದ ಅಳತೆ

ಸಮಿತಿಗಳ ಪಟ್ಟಿ ಸರ್ಕಾರದೊಳಗಿನ ಶಕ್ತಿಯ ನಕ್ಷೆಯೂ ಹೌದು. 2019ರ ಜೂನ್ 6ರಂದು ಹೊರಬಿದ್ದ ಮೊದಲ ಪಟ್ಟಿಯಲ್ಲಿ ಅಮಿತ್ ಶಾ ಎಂಟೂ ಸಮಿತಿಗಳಲ್ಲಿದ್ದರು. ರಾಜನಾಥ್ ಸಿಂಗ್ ಹೆಸರು ಎರಡರಲ್ಲಿ ಮಾತ್ರ ಇತ್ತು. ದಿನವಿಡೀ ಚರ್ಚೆ ನಡೆದ ಬಳಿಕ ಅದೇ ರಾತ್ರಿ ಪರಿಷ್ಕೃತ ಪಟ್ಟಿ ಬಂದಾಗ ಅವರು ಆರು ಸಮಿತಿಗಳ ಸದಸ್ಯರಾಗಿದ್ದರು. ಖಾತೆ ಬದಲಾಗಿರಲಿಲ್ಲ, ಬದಲಾದದ್ದು ಕೂರುವ ಕೊಠಡಿಗಳ ಸಂಖ್ಯೆ.

ಪ್ರತಿ ಸರ್ಕಾರವೂ ಈ ವ್ಯವಸ್ಥೆಯನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಂಡಿದೆ. ಮಿತ್ರಪಕ್ಷಗಳನ್ನು ಅವಲಂಬಿಸಿದ್ದ ಯುಪಿಎ ಸರ್ಕಾರ ಸಮಿತಿಗಳ ಜೊತೆಗೆ ಸಚಿವರ ತಂಡಗಳನ್ನೂ ಧಾರಾಳವಾಗಿ ಬಳಸಿತು. 2014ರ ಮೇ 31ರಂದು ನರೇಂದ್ರ ಮೋದಿ ಸರ್ಕಾರ ಇಂತಹ 30 ತಂಡಗಳನ್ನು ಒಮ್ಮೆಗೇ ರದ್ದುಪಡಿಸಿತು. ಈ ಪೈಕಿ ಒಂಬತ್ತು ಉನ್ನತಾಧಿಕಾರ ಹೊಂದಿದ್ದವು. ಮುಂದಿನ ತಿಂಗಳು ಬೆಲೆ ನಿಯಂತ್ರಣ, ಪ್ರಕೃತಿ ವಿಕೋಪ ಸೇರಿದಂತೆ ನಾಲ್ಕು ಸಂಪುಟ ಸಮಿತಿಗಳನ್ನೂ ಕೈಬಿಟ್ಟಿತು.

ಹನ್ನೆರಡನೇ ನಿಯಮ

ಸಂಪುಟವನ್ನಾಗಲೀ ಸಮಿತಿಯನ್ನಾಗಲೀ ಸೇರಿಸದೆ ಮುಂದುವರಿಯಲೂ ನಿಯಮಾವಳಿಯಲ್ಲಿ ಒಂದು ದಾರಿಯಿದೆ. ಅಗತ್ಯವೆನಿಸಿದಾಗ ನಿಯಮಗಳಿಂದ ವಿನಾಯಿತಿ ನೀಡುವ ಅಧಿಕಾರವನ್ನು 12ನೇ ನಿಯಮ ಪ್ರಧಾನಿಗೆ ಕೊಟ್ಟಿದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯ ಸಹಿ ಬಿದ್ದದ್ದು ಈ ನಿಯಮದ ಆಸರೆಯಿಂದ. ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ನಸುಕಿನಲ್ಲಿ, ಒಪ್ಪಿಗೆ ನೀಡಲು ಕರೆದ ಸಭೆಯಲ್ಲಿ. 2019ರ ನವೆಂಬರ್ 23ರ ಬೆಳಗಿನ ಜಾವ ಮಹಾರಾಷ್ಟ್ರದಲ್ಲಿ ರಾಷ್ಟ್ರಪತಿ ಆಳ್ವಿಕೆ ತೆರವುಗೊಳಿಸಿದ್ದೂ ಇದೇ ನಿಯಮದಡಿ.

ತುರ್ತು ಪರಿಸ್ಥಿತಿಯ ಪಾಠದಿಂದ 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ತರಲಾಯಿತು. ಕೇಂದ್ರ ಸಂಪುಟದ ನಿರ್ಧಾರವನ್ನು ಲಿಖಿತವಾಗಿ ತಿಳಿಸದ ಹೊರತು ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಎಂದು 352ನೇ ವಿಧಿ ಈಗ ಹೇಳುತ್ತದೆ. 'ಸಂಪುಟ' ಎಂಬ ಪದ ಸಂವಿಧಾನವನ್ನು ಪ್ರವೇಶಿಸಿದ್ದು ಹೀಗೆ. ಆ ಒಂದು ವಿಷಯದಲ್ಲಿ ಸಮಿತಿಯಾಗಲೀ ಪ್ರಧಾನಿಯೊಬ್ಬರೇ ಆಗಲೀ ಸಂಪುಟದ ಜಾಗ ತುಂಬಲಾರರು.

ಹೊಣೆ ಎಲ್ಲರದೂ

ಐವರು ಸಚಿವರು ಕುಳಿತು ಗಂಟೆಯೊಳಗೆ ಬಗೆಹರಿಸಬಹುದಾದ ವಿಷಯಕ್ಕೆ ಮೂವತ್ತು ಮಂದಿಯ ಸಭೆ ಬೇಕಿಲ್ಲ. ಸೇನಾ ಕಾರ್ಯಾಚರಣೆಯಂತಹ ಸಂಗತಿಗಳಲ್ಲಿ ಗೋಪ್ಯತೆಯೂ ಮುಖ್ಯ. ಸಮಿತಿಗಳ ಉಪಯುಕ್ತತೆ ಇರುವುದು ಇಲ್ಲಿ. ಆದರೆ 75ನೇ ವಿಧಿಯ ಪ್ರಕಾರ ಇಡೀ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ತಾನು ಕೂರದ ಸಮಿತಿಯ ನಿರ್ಧಾರವನ್ನೂ ಸಚಿವರು ತಮ್ಮದೆಂದೇ ಸಮರ್ಥಿಸಿಕೊಳ್ಳಬೇಕು; ಒಪ್ಪಿಗೆಯಿಲ್ಲದಿದ್ದರೆ ಅಧಿಕಾರ ತೊರೆಯಬೇಕು.

ನಾಗರಿಕರ ಪಾಲಿಗೂ ಒಂದು ಹಕ್ಕು ಉಳಿದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಸಂಪುಟದ ಕಾಗದಪತ್ರಗಳಿಗೆ ವಿನಾಯಿತಿ ನೀಡಿದ್ದರೂ, ತೀರ್ಮಾನವಾಗಿ ವಿಷಯ ಮುಗಿದ ಬಳಿಕ ಆ ತೀರ್ಮಾನ, ಅದರ ಕಾರಣಗಳು ಹಾಗೂ ಆಧಾರವಾದ ಮಾಹಿತಿಯನ್ನು ಬಹಿರಂಗಪಡಿಸಬೇಕೆಂದೂ ಹೇಳಿದೆ. ಕಾಯ್ದೆಯ ಇತರ ವಿನಾಯಿತಿಗಳಿಗೆ ಒಳಪಟ್ಟ ಅಂಶಗಳು ಮಾತ್ರ ಇದಕ್ಕೆ ಹೊರತು. ಕಬ್ಬಿನ ದರ ಕ್ವಿಂಟಲ್‌ಗೆ 355 ರೂಪಾಯಿ ಏಕೆ ಎಂದು ಕೇಳುವ ಬೆಳಗಾರನಿಗೆ, ಅದನ್ನು ಯಾವ ಸಮಿತಿ ನಿಗದಿಪಡಿಸಿತು ಎಂಬ ತಿಳಿವಳಿಕೆಯೇ ಮೊದಲ ಮೆಟ್ಟಿಲು.