ಲೆಕ್ಕಪತ್ರದ ಹಳೆಯ ಪೆಟ್ಟಿಗೆ ಬದಲಿಸುವ ಮುನ್ನ

ಶ್ರೀನಿವಾಸಪುರದ ಮಾವಿನ ತೋಟದವರಿರಲಿ, ಅಡಿಕೆ-ಕಾಫಿ ಬೆಳೆಗಾರರಿರಲಿ, ಪಹಣಿ, ಮಂಡಿ ಚೀಟಿ, ಕೂಲಿ ಲೆಕ್ಕಗಳನ್ನು ಮನೆಮಂದಿಯ ಕಂಪ್ಯೂಟರು, ಫೋನುಗಳಿಗೆಲ್ಲ ಒಂದೇ ಆದ ‘ನಾಸ್’ ಡಿಸ್ಕ್ ಪೆಟ್ಟಿಗೆಯಲ್ಲಿ ಇಡುವುದುಂಟು. ಪಹಣಿಯನ್ನೇನೋ ಭೂಮಿ ಕೇಂದ್ರದಲ್ಲಿ ಮತ್ತೆ ಪಡೆಯಬಹುದು. ಕೂಲಿ ಲೆಕ್ಕ ಕೊಡುವವರು ಯಾರು?

ಒಳಗೆ ಜೋಡಿ ಡಿಸ್ಕಿದೆಯೆಂದು ನೆಚ್ಚಿ ಕೂರಬಾರದು. ಒಂದರಲ್ಲಿ ಕೈತಪ್ಪಿ ಅಳಿಸಿದ್ದು ಇನ್ನೊಂದರಲ್ಲೂ ಆಗಲೇ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡೂ ಹೋಗಬಹುದು. ತಯಾರಕರು ತಂತ್ರಾಂಶದ ತಿದ್ದುಪಡಿ ನಿಲ್ಲಿಸಿದ ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ತೆರೆದಿಡುವುದಂತೂ ಅಪಾಯ.

ಹೊಸದು ತರುವ ಮೊದಲೇ ಎಲ್ಲವನ್ನೂ ಎರಡು ಬಿಡಿ ಡಿಸ್ಕುಗಳಿಗೆ ನಕಲು ಮಾಡಿರಿ. ಒಂದು ಮನೆಯಲ್ಲಿ, ತಂತಿ ಕಳಚಿ, ಬೀರುವಿನೊಳಗಿರಲಿ. ಇನ್ನೊಂದು ಬೇರೂರಿನ ನೆಂಟರಲ್ಲಿರಲಿ. ತಿಂಗಳಿಗೊಮ್ಮೆ ಹೊಸ ಲೆಕ್ಕ ತುಂಬಿಸಿ ಅದಲುಬದಲು ಮಾಡುವಾಗ ನಾಲ್ಕಾರು ಹಳೆಯ ಕಡತ ತೆರೆದು ನೋಡಿರಿ. ಹೊಸ ಪೆಟ್ಟಿಗೆ ಒಂದು ತಿಂಗಳು ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಅಳಿಸತಕ್ಕದ್ದಲ್ಲ.