‘ಜೂನ್, ಜುಲೈನಲ್ಲಿ ಲಾನ್‌ಗೆ ಗೊಬ್ಬರ ಹಾಕಲೇಬೇಡಿ’: ಈ ಫಾರ್ವರ್ಡ್ ಯಾವ ಊರಿಗೆ ಸರಿ, ಯಾವ ಊರಿಗೆ ತಪ್ಪು?

ಲಾನ್ ಗೊಬ್ಬರದ ಕ್ಯಾಲೆಂಡರ್‌ಗಳು ವಾಟ್ಸ್ಆಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತವೆ. ಹಸಿರು ಹುಲ್ಲಿನ ಚಂದದ ಫೋಟೊ, ಅದರ ಮೇಲೆ ನಾಲ್ಕು ಸಾಲು: ಬೇಸಿಗೆ ಮುಗಿಯುವವರೆಗೆ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಗೊಬ್ಬರ ಬೇಡ, ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಹಾಕಿ, ಚಳಿ ಶುರುವಾಗುವ ಮುಂಚೆ ಇನ್ನೊಮ್ಮೆ ಹಾಕಿ, ವರ್ಷವಿಡೀ ಹಸಿರು ಗ್ಯಾರಂಟಿ. ಅಮೆರಿಕದಲ್ಲಿರುವ ಅಳಿಯನೋ ಸೋದರಳಿಯನೋ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ಸಂಜೆಯೊಳಗೆ ಮೈಸೂರಿನ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂದು ಕೂರುತ್ತದೆ.

ಈ ಸಲಹೆ ಸುಳ್ಳಲ್ಲ. ನ್ಯೂಜೆರ್ಸಿಯಲ್ಲೋ ಶಿಕಾಗೊದಲ್ಲೋ ಇರುವವರಿಗೆ ಇದು ಬಹುಮಟ್ಟಿಗೆ ಸರಿ. ಮೈಸೂರಿಗೆ ಬಂದರೆ ಹೆಚ್ಚುಕಡಿಮೆ ತಲೆಕೆಳಗು. ಅಲ್ಲಿ ‘ಬೇಡ’ ಎನ್ನುವ ಜೂನ್, ಜುಲೈ ತಿಂಗಳಲ್ಲೇ ನಮ್ಮ ಹುಲ್ಲು ಹಸಿದಿರುತ್ತದೆ. ಕಾರಣ ಹವಾಮಾನ ಮಾತ್ರವಲ್ಲ, ಹುಲ್ಲೇ ಬೇರೆ.

ಗೋಧಿ ಬಳಗ, ರಾಗಿ ಬಳಗ

ಲಾನ್ ಹುಲ್ಲುಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್ ಮುಂತಾದವು ತಂಪು ಹವೆಯ ಹುಲ್ಲುಗಳು. ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇವು ಚುರುಕಾಗಿ ಬೆಳೆಯುತ್ತವೆ, ಬಿಸಿಲು ಏರಿದರೆ ಸೊರಗಿ ಮಲಗುತ್ತವೆ. ನಮ್ಮ ಗರಿಕೆ, ಜೋಯ್ಸಿಯಾ, ಕಾರ್ಪೆಟ್ ಗ್ರಾಸ್ ಬಿಸಿ ಹವೆಯ ಹುಲ್ಲುಗಳು. ಇವಕ್ಕೆ 27ರಿಂದ 35 ಡಿಗ್ರಿ ಹಿತ.

ಈ ವ್ಯತ್ಯಾಸ ಅಡುಗೆಮನೆಯಿಂದಲೇ ನಮಗೆ ಪರಿಚಿತ. ಗೋಧಿ ಕೂಡ ಒಂದು ಹುಲ್ಲು. ನಮ್ಮಲ್ಲಿ ಅದನ್ನು ಹಿಂಗಾರಿನ ಚಳಿಗೆ ಬಿತ್ತುತ್ತಾರೆ. ರಾಗಿ, ಜೋಳ, ಕಬ್ಬು ಬಿಸಿಲಿಗೆ ಜಗ್ಗದ ಹುಲ್ಲುಗಳು. ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕೆಲಸದಲ್ಲಿ ಗೋಧಿ ಬಳಗದ ಎಲೆಗಳು ಸೆಕೆಯಲ್ಲಿ ಎಡವುತ್ತವೆ: ಅದರ ಬದಲು ಆಮ್ಲಜನಕವನ್ನೇ ಹೆಚ್ಚು ಹಿಡಿದು ಶಕ್ತಿ ಪೋಲು ಮಾಡುತ್ತವೆ. ರಾಗಿ ಬಳಗದ ಎಲೆಗಳಲ್ಲಿ ಡೈಆಕ್ಸೈಡನ್ನು ಮೊದಲು ಒಟ್ಟುಗೂಡಿಸಿಕೊಳ್ಳುವ ಇನ್ನೊಂದು ವ್ಯವಸ್ಥೆ ಇರುವುದರಿಂದ ಈ ನಷ್ಟ ಕಡಿಮೆ. ಬ್ಲೂಗ್ರಾಸ್ ಗೋಧಿಯ ಬಳಗ, ಗರಿಕೆ ರಾಗಿಯ ಬಳಗ. ಇಷ್ಟು ನೆನಪಿದ್ದರೆ ಯಾವ ಫಾರ್ವರ್ಡ್ ಯಾರಿಗೆ ಎಂದು ಅರ್ಧ ಗೊತ್ತಾದಂತೆ.

ಗೊಬ್ಬರದ ನಿಯಮ ಎರಡೂ ಗುಂಪಿಗೆ ಒಂದೇ: ಹುಲ್ಲು ಬೆಳೆಯುತ್ತಿರುವಾಗ ಕೊಡಿ, ಮಲಗಿರುವಾಗ ಕೊಡಬೇಡಿ. ಮಲಗಿದ ಹುಲ್ಲು ಸಾರಜನಕವನ್ನು ಹೀರುವುದಿಲ್ಲ. ಅದು ಮಳೆನೀರಿನೊಂದಿಗೆ ಕೆಳಗಿಳಿದು ಅಂತರ್ಜಲ ಸೇರುತ್ತದೆ, ಇಲ್ಲವೆ ಚರಂಡಿ ಹಿಡಿದು ಕೆರೆಗೆ ಹೋಗುತ್ತದೆ.

ನಮ್ಮ ಅಂಗಳದಲ್ಲಿರುವುದು ಯಾವ ಹುಲ್ಲು?

ನರ್ಸರಿಯ ಹೆಸರು ನಂಬಿದರೆ ದಾರಿ ತಪ್ಪುತ್ತದೆ. ಬೆಂಗಳೂರಿನಲ್ಲಿ ‘ಮೆಕ್ಸಿಕನ್ ಗ್ರಾಸ್’ ಎಂದು ಮಾರುವುದು ಸಾಮಾನ್ಯವಾಗಿ ಜೋಯ್ಸಿಯಾ ಕುಲದ ಹುಲ್ಲು. ಅದರ ತವರು ಏಷ್ಯಾ, ಮೆಕ್ಸಿಕೊಗೂ ಅದಕ್ಕೂ ಸಂಬಂಧವಿಲ್ಲ. ‘ಸೆಲೆಕ್ಷನ್ ಒನ್’ ನಮ್ಮ ಗರಿಕೆಯ ಕುಲದ್ದೇ. ಇನ್ನು ‘ಬಫೆಲೊ ಗ್ರಾಸ್’ ಕಥೆ ಕೇಳಬೇಡಿ. ನಮ್ಮ ನರ್ಸರಿಗಳಲ್ಲಿ ಅಗಲ ಎಲೆಯ ಕಾರ್ಪೆಟ್ ಗ್ರಾಸಿಗೂ ಆ ಹೆಸರು ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಅದು ಸೇಂಟ್ ಅಗಸ್ಟೀನ್ ಹುಲ್ಲು. ಅಮೆರಿಕದಲ್ಲಿ ಒಣ ಬಯಲಿನ ಮತ್ತೊಂದು ಹುಲ್ಲು. ಹೆಸರು ಒಂದು, ಹುಲ್ಲು ಮೂರು. ‘ಬಫೆಲೊ ಗ್ರಾಸಿಗೆ ಇಷ್ಟು ಗೊಬ್ಬರ’ ಎಂಬ ವಿಡಿಯೊ ನೋಡಿ ಚೀಲ ತರುವ ಮುಂಚೆ ವಿಡಿಯೊ ಯಾವ ದೇಶದ್ದು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಈ ಮೂರರಲ್ಲಿ ಹಸಿವು ಜಾಸ್ತಿ ಇರುವುದು ಗರಿಕೆ ಜಾತಿಗೆ. ಬಿಸಿಲು ಬೀಳುವ ಜಾಗದಲ್ಲಿ ಬೆಳವಣಿಗೆಯ ತಿಂಗಳುಗಳಲ್ಲಿ ಐದಾರು ವಾರಕ್ಕೊಮ್ಮೆ ಸ್ವಲ್ಪ ಕೊಟ್ಟರೂ ಅರಗಿಸಿಕೊಳ್ಳುತ್ತದೆ. ಮೆಕ್ಸಿಕನ್ ಎನ್ನುವ ಜೋಯ್ಸಿಯಾ ನಿಧಾನದ ಹುಲ್ಲು; ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ ಸಾಕು. ಅದಕ್ಕೆ ಹೆಚ್ಚು ಹಾಕಿದರೆ ಮೇಲೆ ಹಸಿರು, ಕೆಳಗೆ ಒಣ ಕಡ್ಡಿಗಳ ದಪ್ಪ ಪದರ ಕಟ್ಟಿಕೊಂಡು, ಕಾಲಿಟ್ಟರೆ ಸ್ಪಂಜಿನಂತಾಗುತ್ತದೆ. ಆ ಪದರ ನೀರನ್ನು ಬೇರಿಗೆ ಇಳಿಯಲು ಬಿಡುವುದಿಲ್ಲ. ಮರದ ನೆರಳಿನ ಕಾರ್ಪೆಟ್ ಗ್ರಾಸಿಗೆ ಇನ್ನೂ ಕಡಿಮೆ ಸಾಕು. ನೆರಳಿನಲ್ಲಿ ಹುಲ್ಲು ಪೇಲವವಾಗಿದ್ದರೆ ಕೊರತೆ ಬೆಳಕಿನದು. ಯೂರಿಯಾ ಸುರಿದರೆ ಬೆಳಕು ಬರುವುದಿಲ್ಲ.

ಕರ್ನಾಟಕಕ್ಕೂ ಒಂದೇ ಕ್ಯಾಲೆಂಡರ್ ಇಲ್ಲ

ಬೆಂಗಳೂರು, ಮೈಸೂರು, ತುಮಕೂರು ಕಡೆ ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆ ಎರಡು ಮೂರು ಬಾರಿ ಬಿದ್ದು ನೆಲ ತಣಿದ ಮೇಲೆ ಮೊದಲ ಸಲ. ಜೂನ್ ಕೊನೆ ಅಥವಾ ಜುಲೈನಲ್ಲಿ ಎರಡನೆಯದು: ಹೊತ್ತು ಬೆಚ್ಚಗೆ, ಮಳೆ ತುಂತುರು, ಹುಲ್ಲಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್ ಸುತ್ತ ಬರುವುದರಿಂದ ಆಗ ತಡೆದು, ಮಳೆಯ ಅಬ್ಬರ ತಗ್ಗಿದ ಮೇಲೆ ಅಕ್ಟೋಬರ್‌ನಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ ಕೊನೆಯದು. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಸ್ವಲ್ಪ ಹಳದಿಯಾದರೆ ಗಾಬರಿ ಬೇಡ. ರಾತ್ರಿಯ ಚಳಿಗೆ ಬೆಳವಣಿಗೆ ಕುಂಟುತ್ತದೆ, ಅಷ್ಟೆ. ಚಳಿ ಕಳೆದರೆ ತಾನೇ ಚಿಗುರುತ್ತದೆ.

ಕರಾವಳಿಯ ಲೆಕ್ಕ ಬೇರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೆ. ಆ ಮೂರು ತಿಂಗಳು ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಹಾಕಿದ ಯೂರಿಯಾ ಬೇರಿಗಿಂತ ತೋಡಿಗೆ ಹೋಗುವುದೇ ಹೆಚ್ಚು. ಆದ್ದರಿಂದ ‘ಜೂನ್, ಜುಲೈ ಬೇಡ’ ಎಂಬ ಮಾತು ಮಂಗಳೂರಿಗೆ ಹೊಂದುತ್ತದೆ, ಆದರೆ ನ್ಯೂಜೆರ್ಸಿಯ ಕಾರಣಕ್ಕಲ್ಲ. ಅಲ್ಲಿ ಬಿಸಿಲು, ಇಲ್ಲಿ ಮಳೆ. ಕರಾವಳಿಯಲ್ಲಿ ಸೆಪ್ಟೆಂಬರ್ ಮಧ್ಯದಿಂದ ಶುರು ಮಾಡಬಹುದು. ಅಲ್ಲಿ ಚಳಿ ಹೆಚ್ಚಿಲ್ಲದ ಕಾರಣ ನೀರಿನ ಅನುಕೂಲ ಇದ್ದರೆ ಜನವರಿಯಲ್ಲೂ ಹುಲ್ಲು ಬೆಳೆಯುತ್ತದೆ.

ಕಲಬುರಗಿ, ರಾಯಚೂರು ಕಡೆಯ ಕಪ್ಪು ಮಣ್ಣು ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ಎರಡು ಸಲ, ಅಕ್ಟೋಬರ್‌ನಲ್ಲಿ ಒಂದು ಸಲ ಸಾಕು. ಆದರೆ ಅಲ್ಲಿನ ಕ್ಷಾರೀಯ ಮಣ್ಣಿನ ಮೇಲೆ ಯೂರಿಯಾ ಹಾಗೇ ಬಿಟ್ಟರೆ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುವುದು ಹೆಚ್ಚು. ಹಾಕಿದ ಕೂಡಲೇ ನೀರು ಹಾಯಿಸಲೇಬೇಕು.

ಮಾರ್ಚ್, ಏಪ್ರಿಲ್‌ನ ಬಿರು ಬೇಸಿಗೆಯ ಮಾತು ಎಲ್ಲ ಕಡೆಯೂ ಒಂದೇ: ನೀರಿಲ್ಲದಿದ್ದರೆ ಗೊಬ್ಬರವೂ ಇಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅಂಥ ಬೇಸಿಗೆಯಲ್ಲಿ ಗರಿಕೆಗೆ ಗೊಬ್ಬರ ಹಾಕಿ ಎಬ್ಬಿಸುವುದಕ್ಕಿಂತ ಒಣಗಲು ಬಿಡುವುದೇ ವಾಸಿ. ಗರಿಕೆಗೆ ನೆಲದೊಳಗೆ ಗೆಣ್ಣುಕಾಂಡ ಇರುತ್ತದೆ. ಕಂದುಬಣ್ಣಕ್ಕೆ ತಿರುಗಿ ಸತ್ತಂತೆ ಕಂಡರೂ ಎರಡು ಮಳೆಗೆ ಎದ್ದು ಕೂರುವ ಜೀವ ಅದು.

ಒಂದು ಹಿಡಿ ಯೂರಿಯಾ ಎಂದರೆ ಎಷ್ಟು?

ಹೆಚ್ಚಿನ ಲಾನ್‌ಗಳು ಹಾಳಾಗುವುದು ತಪ್ಪು ತಿಂಗಳಿನಿಂದಲ್ಲ, ತಪ್ಪು ಅಳತೆಯಿಂದ ಎಂಬುದು ನಮ್ಮ ಅಭಿಪ್ರಾಯ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇರುತ್ತದೆ. 30–40 ಸೈಟಿನ ಮನೆಯ ಮುಂದೆ 100 ಚದರ ಅಡಿ ಹುಲ್ಲಿದೆ ಎಂದುಕೊಳ್ಳಿ. ಅದಕ್ಕೆ ಒಂದು ಸಲಕ್ಕೆ ಸುಮಾರು 50 ಗ್ರಾಂ ಯೂರಿಯಾ ಸಾಕು. ಚದರ ಮೀಟರ್‌ಗೆ ಎರಡೂವರೆ ಗ್ರಾಂ ಸಾರಜನಕ ಸಿಕ್ಕಂತಾಯಿತು. 100 ಗ್ರಾಂ ಮೀರಲೇಬಾರದು. ಹಿಡಿ ಒಬ್ಬೊಬ್ಬರದು ಒಂದೊಂದು ಅಳತೆ, ಆದ್ದರಿಂದ ತೂಕ ಮಾಡಿ. ಅಡುಗೆಮನೆಯ ತಕ್ಕಡಿ ಬಳಸಿದರೆ ಅದಕ್ಕೇ ಅಂತ ಬೇರೆ ಬಟ್ಟಲು ಇಡಿ, ಉಳಿದ ಯೂರಿಯಾವನ್ನು ಸಕ್ಕರೆ, ಸಬ್ಬಕ್ಕಿ ಇಡುವ ಜಾಗದಿಂದ ದೂರ ಇಡಿ. ನೋಡಲು ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

50 ಗ್ರಾಂ ಕೈಗೆ ಸಿಕ್ಕದಷ್ಟು ಸಣ್ಣದು, ಹಾಗಾಗಿ ಒಣ ಮರಳಿನಲ್ಲಿ ಬೆರೆಸಿಕೊಳ್ಳಬಹುದು. ಅರ್ಧವನ್ನು ಉದ್ದಕ್ಕೆ ನಡೆಯುತ್ತಾ, ಅರ್ಧವನ್ನು ಅಡ್ಡಕ್ಕೆ ನಡೆಯುತ್ತಾ ಎರಚಿ. ಎಲೆ ಒಣಗಿರಬೇಕು, ಸಂಜೆಯಾಗಿದ್ದರೆ ಒಳ್ಳೆಯದು, ಕೂಡಲೇ ನೀರು ಬೀಳಬೇಕು. ಒದ್ದೆ ಎಲೆಗೆ ಅಂಟಿದ ಹರಳು ಅಲ್ಲೇ ಕರಗಿ, ಎಲೆಯೊಳಗಿನ ನೀರನ್ನು ಹೊರಗೆಳೆದುಕೊಂಡು ಸುಡುತ್ತದೆ. ಉಪ್ಪಿನಕಾಯಿಗೆ ಉಪ್ಪು ಹಚ್ಚಿದ ಮಾವು ನೀರು ಬಿಡುವುದೂ ಇದೇ ಬಗೆಯಲ್ಲಿ.

ಗೊಬ್ಬರ ಎಂದರೆ ಯೂರಿಯಾವೇ ಆಗಬೇಕಿಲ್ಲ. ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ನಿಧಾನವಾಗಿ ಕೊಡುತ್ತವೆ, ಸುಡುವುದಿಲ್ಲ. ಸರಿಯಾಗಿ ಕಳಿಯದ ಗೊಬ್ಬರದ ಜತೆ ಜೇಕು, ಕಾಂಗ್ರೆಸ್ ಕಳೆಯ ಬೀಜ, ಗಡ್ಡೆಗಳೂ ಬರುತ್ತವೆ, ಮತ್ತೆ ವರ್ಷವಿಡೀ ಕೀಳುವ ಕೆಲಸ. ಹುಲ್ಲು ಕತ್ತರಿಸಿದ ಚೂರುಗಳನ್ನು ತೆಳ್ಳಗೆ ಅಲ್ಲೇ ಬಿಟ್ಟರೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಕಾಲುಭಾಗದವರೆಗೂ ಅದರಿಂದಲೇ ವಾಪಸ್ ಬರುತ್ತದೆ.

‘ಎಪ್ಸಮ್ ಉಪ್ಪು ಹಾಕಿದರೆ ರಾತ್ರೋರಾತ್ರಿ ಹಸಿರು’ ಎಂಬುದು ಇನ್ನೊಂದು ಫಾರ್ವರ್ಡ್. ಅದರಲ್ಲಿ ಇರುವುದು ಮೆಗ್ನೀಸಿಯಂ ಮತ್ತು ಗಂಧಕ, ಸಾರಜನಕ ಸೊನ್ನೆ. ಮಣ್ಣಿನಲ್ಲಿ ಮೆಗ್ನೀಸಿಯಂ ಕೊರತೆ ಇದ್ದರೆ ಮಾತ್ರ ಉಪಯೋಗ. ನಮ್ಮ ಊರುಗಳಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂಬಂತಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಬೋರ್‌ವೆಲ್‌ನ ಗಡುಸು ನೀರು, ಸುಣ್ಣ ಹೆಚ್ಚಿರುವ ಮಣ್ಣು ಇದಕ್ಕೆ ಕಾರಣ. ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಫೆರಸ್ ಸಲ್ಫೇಟನ್ನು ತೆಳುವಾಗಿ ಕರಗಿಸಿ, ಮೊದಲು ಒಂದು ಮೂಲೆಯಲ್ಲಿ ಸಿಂಪಡಿಸಿ ನೋಡಬಹುದು. ಸಿಮೆಂಟಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಎಚ್ಚರ.

ಹುಲ್ಲಿನ ಆಚೆಗೆ

ಇದು ಬರೀ ಅಂಗಳದ ಅಂದದ ವಿಷಯ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹುಲ್ಲು ಹೀರದ ಸಾರಜನಕ ನೈಟ್ರೇಟ್ ಆಗಿ ಬಾವಿ, ಬೋರ್‌ವೆಲ್‌ಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಕೆಲವು ತಿಂಗಳ ಕೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ನೈಟ್ರೇಟಿಗೆ ಲಾನ್ ಒಂದೇ ಕಾರಣವಲ್ಲ. ಹೊಲದ ಗೊಬ್ಬರ, ಶೌಚಗುಂಡಿ, ಚರಂಡಿ ಇವುಗಳ ಪಾಲೇ ದೊಡ್ಡದು. ಆದರೆ ಬೋರ್‌ವೆಲ್ ಪಕ್ಕದಲ್ಲೇ ಲಾನ್ ಇರುವ ಅಪಾರ್ಟ್‌ಮೆಂಟ್‌ನವರು ಜೋರು ಮಳೆಯ ಮುಂಚಿನ ದಿನ ಗೊಬ್ಬರ ಸುರಿಸುವ ಮೊದಲು ಇದನ್ನು ಯೋಚಿಸಬೇಕು.

ನ್ಯೂಜೆರ್ಸಿಯಲ್ಲಿ ಇದು ಕಾನೂನೇ ಆಗಿದೆ. 2011ರ ಅಲ್ಲಿನ ಕಾಯ್ದೆಯ ಪ್ರಕಾರ ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಮನೆಯವರು ಲಾನ್‌ಗೆ ಸಾರಜನಕ, ರಂಜಕದ ಗೊಬ್ಬರ ಹಾಕುವಂತಿಲ್ಲ. ಅಂದರೆ ‘ಚಳಿಗೆ ಮುಂಚೆ ಇನ್ನೊಮ್ಮೆ’ ಎಂಬ ಸಲಹೆಯನ್ನು ನವೆಂಬರ್ ಕೊನೆಗೆ ಎಂದು ತಿಳಿದರೆ ಅಲ್ಲಿಯ ಅಳಿಯನೇ ಸಿಕ್ಕಿಬೀಳುತ್ತಾನೆ. ಡಲ್ಲಾಸ್, ಹ್ಯೂಸ್ಟನ್‌ನಲ್ಲಿರುವವರ ಲಾನ್ ಹೆಚ್ಚಾಗಿ ನಮ್ಮಂತೆ ಬಿಸಿ ಹವೆಯ ಹುಲ್ಲು. ಅವರಿಗೆ ಏಪ್ರಿಲ್‌ನಿಂದ ಆಗಸ್ಟ್. ಮೆಲ್ಬರ್ನ್‌ನಲ್ಲಿ ಋತುವೇ ಉಲ್ಟಾ. ಅಲ್ಲಿ ‘ಕೌಚ್’ ಎಂದು ಕರೆಯುವ ಹುಲ್ಲು ನಮ್ಮ ಗರಿಕೆಯೇ, ಅದು ಏಳುವುದು ಸೆಪ್ಟೆಂಬರ್ ನಂತರ.

ಗರಿಕೆಯ ಮಾತು ಬಂದಾಗ ಇನ್ನೊಂದು ಫಾರ್ವರ್ಡನ್ನೂ ಹೇಳಬೇಕು. ‘ಬೆಳಗ್ಗೆ ಖಾಲಿ ಹೊಟ್ಟೆಗೆ ಗರಿಕೆ ರಸ’ ಎಂಬ ಸಂದೇಶ ನೋಡಿ ಲಾನ್‌ನಿಂದಲೇ ಕಿತ್ತು ರುಬ್ಬುವವರಿದ್ದಾರೆ. ಗೊಬ್ಬರ, ಕಳೆನಾಶಕ, ಕೀಟನಾಶಕ ಬಿದ್ದಿರುವ ಲಾನ್‌ನ ಹುಲ್ಲು ಗಣೇಶನ ಪೂಜೆಗೆ ಆದೀತು, ಲೋಟಕ್ಕೆ ಬೇಡ. ಹಸುವಿಗಂತೂ ಬೇಡವೇ ಬೇಡ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಯೂರಿಯಾ ಬೇಗನೆ ಅಮೋನಿಯಾ ಆಗುತ್ತದೆ, ಪ್ರಮಾಣ ಹೆಚ್ಚಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಗೊಬ್ಬರ ಹಾಕಿದ ದಿನ ಗೇಟು ಮುಚ್ಚಿಡಿ, ಯೂರಿಯಾ ಕರಗಿಸಿದ ಬಕೆಟ್ಟನ್ನು ತೊಳೆಯದೆ ಹೊರಗೆ ಬಿಡಬೇಡಿ. ಬೀದಿಯ ಹಸು ಅದರಲ್ಲಿರುವುದನ್ನು ಕಲಗಚ್ಚು ಎಂದುಕೊಂಡೇ ಬಾಯಿ ಹಾಕುತ್ತದೆ.